ಅರಿಶಿನ ಹಾಳೆ, ಧಾರವಾಡದ ಬಿಸಿಲು

ಬಟ್ಟೆಗೆ ಅರಿಶಿನದ ಕಲೆ ಆದರೆ ನಮ್ಮ ಕಡೆ ಯಾರೂ ಗಾಬರಿ ಆಗುವುದಿಲ್ಲ. ಸಬಕಾರ ಹಚ್ಚಿ ತೊಳೆದು ಬಿಸಿಲಿಗೆ ಹಾಕುತ್ತೇವೆ. ಸಬಕಾರ ಬಿದ್ದಾಗ ಕಲೆ ಕೆಂಪಾಗುತ್ತದೆ, ಆಮೇಲೆ ಬಿಸಿಲಿಗೆ ಮಾಸಿ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಕ್ಯಾಮೆರಾ ಇಲ್ಲದೆ ಮಕ್ಕಳ ಕೈಯಿಂದ ಫೋಟೊ ಮಾಡಿಸಬಹುದು. ಬೇಸಿಗೆ ರಜೆಯಲ್ಲಿ ಮಗಳು ಮತ್ತು ಓಣಿಯ ಹುಡುಗರನ್ನು ಕೂಡಿಸಿಕೊಂಡು ಮಾಳಿಗೆ ಮೇಲೆ ನಾನು ಮಾಡಿಸುವುದು ಇದನ್ನೇ.

ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಅದು ನೀರಲ್ಲಿ ಸರಿಯಾಗಿ ಕರಗುವುದಿಲ್ಲ, ಸ್ಪಿರಿಟ್‌ನಲ್ಲಿ ಕರಗುತ್ತದೆ. ಅದಕ್ಕೆ ನಾನು ಸ್ಪಿರಿಟ್ ಇರುವ, ನೀರಿನಂತೆ ತೆಳ್ಳಗಿರುವ ಸ್ಯಾನಿಟೈಸರ್ ಬಳಸುತ್ತೇನೆ. ಅಂಟಂಟಾದ ಜೆಲ್ ಬೇಡ. ಅರ್ಧ ವಾಟಿ ಸ್ಯಾನಿಟೈಸರ್‌ಗೆ ಒಂದು ಚಮಚ ಅರಿಶಿನ ಪುಡಿ ಹಾಕಿ ಕಲಕಿ, ತಳದಲ್ಲಿ ಗಸಿ ಕೂತ ಮೇಲೆ ಹಳೆ ಪಂಚೆ ತುಂಡಿನಲ್ಲಿ ಸೋಸಬೇಕು. ಈ ಕೆಲಸ ದೊಡ್ಡವರದು, ಗ್ಯಾಸ್ ಒಲೆಯಿಂದ ದೂರ. ಸ್ಪಿರಿಟ್‌ಗೆ ಬೆಂಕಿ ತಟ್ಟನೆ ಹತ್ತಿಕೊಳ್ಳುತ್ತದೆ.

ಸೋಸಿದ ಬಣ್ಣವನ್ನು ದಪ್ಪ ಡ್ರಾಯಿಂಗ್ ಹಾಳೆಗೆ ಬ್ರಶ್‌ನಿಂದ ಬಳಿದು ನೆರಳಲ್ಲೇ ಒಣಗಿಸಬೇಕು. ಒಣಗಿದ ಮೇಲೆ ಇನ್ನೊಂದು ಸಲ ಬಳಿದರೆ ಬಣ್ಣ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಹಾಳೆಯ ಮೇಲೆ ಎಲೆ, ಎಲೆಯ ಮೇಲೆ ಫೋಟೊ ಫ್ರೇಮಿನ ಗಾಜು, ಸುತ್ತ ಬಟ್ಟೆ ಕ್ಲಿಪ್ಪು. ಹುಣಸೆ, ನುಗ್ಗೆ, ಕರಿಬೇವು ಚೆನ್ನಾಗಿ ಮೂಡುತ್ತವೆ. ದಪ್ಪ ಎಲೆ ಹಾಳೆಗೆ ಸರಿಯಾಗಿ ಅಂಟಿ ಕೂರುವುದಿಲ್ಲ, ಅಂಚು ಮಸುಕಾಗುತ್ತದೆ.

ಏಪ್ರಿಲ್, ಮೇ ತಿಂಗಳ ನಡುಮಧ್ಯಾಹ್ನದ ಬಿಸಿಲಿಗೆ ಒಂದೆರಡು ತಾಸು ಸಾಕು. ಬಿಸಿಲು ಬಿದ್ದ ಕಡೆ ಹಳದಿ ಹೋಗಿ ಕೆನೆಬಣ್ಣ ಬರುತ್ತದೆ, ಎಲೆಯ ಕೆಳಗೆ ಹಳದಿ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ಧಾರವಾಡದಲ್ಲಿ ಇದರ ಆಸೆ ಬಿಡಿ. ಜಿಟಿಜಿಟಿ ಶುರುವಾದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಚಿತ್ರ ಎಲ್ಲಿಂದ?

ಮೇಲಿನ ಮನೆಯ ಆಯಿ ಒಮ್ಮೆ ಬಂದು ನೋಡಿ, "ಏನವಾ, ಹಪ್ಪಳ ಒಣಗಿಸೂ ಜಾಗಾದಾಗ ಕಾಗದ ಒಣಗಸಾಕತ್ತೀಯಲ್ಲ?" ಅಂದರು. ಪಕ್ಕದಲ್ಲಿದ್ದ ಹುಡುಗ ತಟ್ಟನೆ, "ಬಿಸಿಗೆ ಬಣ್ಣ ಹೊಕ್ಕೈತ್ರೀ ಆಯಿ" ಅಂತ ಉತ್ತರ ಕೊಟ್ಟ. ಬಿಸಿಗೋ, ಬೆಳಕಿಗೋ? ನಾನು ಹೇಳಲಿಲ್ಲ. ಒಂದೇ ಹಾಳೆಯನ್ನು ಎರಡು ತುಂಡು ಮಾಡಿಸಿದೆ. ಒಂದು ತುಂಡು ಬಿಸಿಲಲ್ಲಿ, ಇನ್ನೊಂದು ಸ್ಟೀಲ್ ಡಬ್ಬಿಯಲ್ಲಿ, ಮುಚ್ಚಳ ಗಟ್ಟಿಯಾಗಿ ಹಾಕಿ, ಅದೇ ಬಿಸಿಲಲ್ಲಿ. ಡಬ್ಬಿ ಮುಟ್ಟಿದರೆ ಕೈ ಸುಡುತ್ತಿತ್ತು. ತೆಗೆದು ನೋಡಿದರೆ ಒಳಗಿನ ತುಂಡು ಹಳದಿಯಾಗೇ ಇತ್ತು. ಹುಡುಗ ಸುಮ್ನೆ ಒಪ್ಪುವವನಲ್ಲ. ಡಬ್ಬಿಯೊಳಗೆ ಗಾಳಿ ಇಲ್ಲದ್ದಕ್ಕೆ ಹೀಗಾಯಿತು ಅಂದ. ಸರಿ, ಮುಂದಿನ ಸಲ ಒಂದು ತುಂಡನ್ನು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಹಾಗೇ ಮುಚ್ಚಳ ಹಾಕಿ ಇಟ್ಟೆವು. ಅದರ ಬಣ್ಣ ಹೋಯಿತು. ನನಗೆ ಚಿತ್ರಕ್ಕಿಂತ ಈ ಜಗಳವೇ ಜಾಸ್ತಿ ಇಷ್ಟ. ಉತ್ತರ ಮೊದಲೇ ಹೇಳಿಬಿಟ್ಟಿದ್ದರೆ ಯಾರು ಡಬ್ಬಿ ಹುಡುಕುತ್ತಿದ್ದರು?

ಈಗ ಸಬಕಾರದ ಪಾಠ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಬಿಸಿಲಿನಿಂದ ತೆಗೆದ ಹಾಳೆಯ ಮೇಲೆ ಸವರಿದರೆ ಉಳಿದ ಹಳದಿ ಕೆಂಪುಗಂದಾಗುತ್ತದೆ, ಎಲೆ ಎದ್ದು ಕಾಣುತ್ತದೆ. ಸಬಕಾರ, ಸೋಡಾದಂಥ ಕ್ಷಾರ ತಾಗಿದರೆ ಕರ್ಕ್ಯುಮಿನ್ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿ. ಆರತಿಯ ಕೆಂಪು ನೀರಿಗೆ ಅರಿಶಿನ, ಸುಣ್ಣ ಕಲಸುತ್ತೇವಲ್ಲ, ಅದೇ ಲೆಕ್ಕ. ಆದರೆ ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಸಿಡಿದರೆ ಬಹಳ ಅಪಾಯ. ಸೋಡಾ ಸವರಿದ ಮೇಲೆ ನಿಂಬೆರಸದ ಹನಿ ಬಿಟ್ಟರೆ ಬುಸ್ ಅಂತ ಗುಳ್ಳೆ ಏಳುತ್ತವೆ, ಬಿದ್ದ ಕಡೆ ಹಳದಿ ಚುಕ್ಕೆ. ಸಣ್ಣವರು ಅಲ್ಲೇ ಕೂತುಬಿಡುತ್ತಾರೆ. ಎಲೆ ಗಿಲೆ ಅವರಿಗೆ ಬೇಡ.

ದೊಡ್ಡ ಹುಡುಗಿಯರನ್ನು ನಮ್ಮ ಕಡೆಯ ಕಸೂತಿ ಹೊಲಿಗೆಯ ಚಿತ್ತಾರ ಬಿಡಿಸಲು ಹಚ್ಚಿದೆ. ಗೋಪುರ, ತೇರು, ಆನೆ, ತುಳಸಿ ಕಟ್ಟೆ ಎಲ್ಲವೂ ನೇರ ಗೆರೆ, ಓರೆ ಗೆರೆಗಳಲ್ಲೇ ಮುಗಿಯುತ್ತವೆ. ಹಾಗಾಗಿ ಗ್ರಾಫ್ ಹಾಳೆಯ ಮೇಲೆ ಸುಲಭವಾಗಿ ಬರುತ್ತವೆ. ಅದರ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು, ಕಪ್ಪು ಮಾರ್ಕರ್‌ನಿಂದ ತಿದ್ದಿ, ಎಲೆಯ ಬದಲು ಅದನ್ನೇ ಗಾಜಿನ ಕೆಳಗೆ ಇಡುವುದು. ಗೆರೆ ದಪ್ಪ ಇರಬೇಕು, ಎರಡು ಸಲ ತಿದ್ದಬೇಕು. ಇಲ್ಲದಿದ್ದರೆ ಬೆಳಕು ನುಸುಳುತ್ತದೆ.

ಇದು ನನ್ನ ತಲೆಯಿಂದ ಬಂದ ಉಪಾಯವೇನಲ್ಲ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲೇ ಹೂವಿನ ರಸ ಬಳಿದ ಕಾಗದದ ಮೇಲೆ ಹೀಗೆ ಚಿತ್ರ ಮೂಡಿಸಿದ ಬಗ್ಗೆ ಬರೆದಿದ್ದರು. ಆಂಥೋಟೈಪ್ ಅಂತ ಹೆಸರು. ಪಾಲಕ್, ಬೀಟ್‌ರೂಟ್ ರಸದಲ್ಲೂ ಮಾಡಬಹುದು, ಆದರೆ ದಿನಗಟ್ಟಲೆ ಕಾಯಬೇಕು. ಮಕ್ಕಳಿಗೆ ಅಷ್ಟು ಪುರಸೊತ್ತು ಎಲ್ಲಿದೆ, ಅರಿಶಿನವೇ ವಾಸಿ.

ಈ ಚಿತ್ರವನ್ನು ಗೋಡೆಗೆ ಹಾಕಬೇಡಿ. ಮಾಸಿಸಿದ ಬೆಳಕೇ ಉಳಿದದ್ದನ್ನೂ ಮಾಸಿಸುತ್ತದೆ. ದಪ್ಪ ಪುಸ್ತಕದೊಳಗೆ ಇಡಿ, ಹಿಂದೆ ಪೆನ್ಸಿಲ್‌ನಲ್ಲಿ ತಾರೀಖು ಮತ್ತು ಎಷ್ಟು ತಾಸು ಬಿಸಿಲು ಅಂತ ಬರೆಸಿ. ಮುಂದಿನ ಸಲ ಅಳತೆಗೆ ಬೇಕಾಗುತ್ತದೆ.