ದಿನಕ್ಕೊಂದು ಫೋನು: ಊರಿನ ಹಿರಿಯರ ಜೊತೆ ಮಾತು ನಿಲ್ಲದ ಹಾಗೆ ಮಾಡುವುದು ಹೇಗೆ?

ದೀಪಾವಳಿ ಮುಗಿದ ವಾರ ನಮ್ಮನೆ ಜಗಲಿಗೆ ಫೋನ್ ಹಿಡಿದುಕೊಂಡು ಬರುವವರು ಜಾಸ್ತಿ. ಹೊಸನಗರ ತಾಲ್ಲೂಕಿನ ಈ ಮೂಲೆಯಿಂದ ಮೊಬೈಲ್ ಅಂಗಡಿಗೆ ಹೋಗಬೇಕೆಂದರೆ ಬಸ್ಸು ಹಿಡಿಯಬೇಕು. ನಾನು ನಿವೃತ್ತ ಮೇಷ್ಟ್ರು, ಫೋನಿನ ವಿಷಯ ನನಗೆ ಗೊತ್ತು ಅಂತ ಊರಿನವರ ನಂಬಿಕೆ. "ಮೇಷ್ಟ್ರೇ, ಮಗ ಹೊಸದು ತಂದುಕೊಟ್ಟಿದ್ದ. ನಾಕು ದಿನ ಚೆನ್ನಾಗಿತ್ತು, ಈಗ ಹಾಳಾಗಿದೆ" ಎನ್ನುತ್ತಾರೆ. ತೆಗೆದು ನೋಡಿದರೆ ಫೋನಿಗೆ ಏನೂ ಆಗಿರುವುದಿಲ್ಲ. ಏರೋಪ್ಲೇನ್ ಮೋಡ್‌ಗೆ ಹೋಗಿರುತ್ತದೆ, ಇಲ್ಲವೇ ರಿಂಗಿನ ಸದ್ದು ಪೂರ್ತಿ ಇಳಿದಿರುತ್ತದೆ, ಒಮ್ಮೊಮ್ಮೆ ಮಗನ ನಂಬರೇ ಬ್ಲಾಕ್ ಆಗಿರುತ್ತದೆ. ಆ ಮಗ ಬಂದಿದ್ದು ಮೂರು ದಿನಕ್ಕೆ. ಹೊರಡುವ ಸಂಜೆ, ರಾತ್ರಿ ಬಸ್ಸಿಗೆ ಬ್ಯಾಗು ತುಂಬುತ್ತಾ, ಅರ್ಧ ಗಂಟೆಯಲ್ಲಿ ಎಲ್ಲ ಹೇಳಿಕೊಟ್ಟು ಹೋಗಿರುತ್ತಾನೆ. ಆಮೇಲೆ ಅವನು ಬೆಂಗಳೂರಿನಲ್ಲಿ "ಅಮ್ಮ ಫೋನೇ ಎತ್ತಲ್ಲ" ಎನ್ನುತ್ತಾನೆ, ಇವರು ಇಲ್ಲಿ "ಮಗ ಫೋನೇ ಮಾಡಲ್ಲ" ಎನ್ನುತ್ತಾರೆ.

ಈ ಬರಹ ಅಂಥ ಮಕ್ಕಳಿಗಾಗಿ. ಮುಂದಿನ ಸಲ ಊರಿಗೆ ಬರುವಾಗ ಮೂರು ದಿನದಲ್ಲಿ ದಿನಕ್ಕೆ ಅರ್ಧ ಗಂಟೆ ಇದಕ್ಕೆಂದೇ ಎತ್ತಿಡಿ. ಸಾಕಾಗುತ್ತದೆ.

1. ಹೊತ್ತು ಗೊತ್ತು ಮಾಡಿ

ಬಿಡುವಾದಾಗ ಮಾಡುತ್ತೇನೆ ಎಂದರೆ ಬಿಡುವೇ ಆಗುವುದಿಲ್ಲ. ಅಮ್ಮ ಮಾತ್ರ ದಿನವಿಡೀ ಫೋನಿನ ಹತ್ತಿರವೇ ಸುಳಿಯುತ್ತಿರುತ್ತಾರೆ. ನನ್ನನ್ನು ಕೇಳಿದರೆ ಬೆಳಿಗ್ಗೆ ಎಂಟೂವರೆಯೇ ಸರಿ. ಹಾಲು ಕರೆದು, ತಿಂಡಿ ಮುಗಿದು, ತೋಟಕ್ಕೆ ಹೋಗುವ ಮುಂಚಿನ ಹೊತ್ತದು. ಸಂಜೆ ಟಿವಿ ಸದ್ದಿರುತ್ತದೆ, ಆಯಾಸ ಇರುತ್ತದೆ. ಬೆಳಿಗ್ಗೆಯೇ ಏಕೆ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ, ಕೊನೆಯಲ್ಲಿ ಹೇಳುತ್ತೇನೆ.

ಅಮೆರಿಕದಲ್ಲಿರುವವರು ಒಂದು ಮಾತು ನೆನಪಿಡಿ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಯ ರಾತ್ರಿ 8 ಗಂಟೆ ಎಂದರೆ ನಮಗೆ ಮರುದಿನ ಬೆಳಿಗ್ಗೆ 8.30. ಚಳಿಗಾಲದಲ್ಲಿ ಅದೇ 8 ಗಂಟೆ ಇಲ್ಲಿ 9.30 ಆಗುತ್ತದೆ. ನಮ್ಮೂರಿನ ಒಬ್ಬ ಅಜ್ಜಿ ಪ್ರತಿ ನವೆಂಬರ್‌ನಲ್ಲೂ ಒಂದು ವಾರ "ಮೊಮ್ಮಗಳಿಗೆ ಏನಾಯ್ತೋ" ಎಂದು ಗಾಬರಿಯಲ್ಲೇ ಕೂತಿರುತ್ತಿದ್ದರು. ಊರಿನ ಗಂಟೆ ಬದಲಾಗಬಾರದು. ನಿಮ್ಮ ಗಂಟೆಯನ್ನು ನೀವು ಬದಲಾಯಿಸಿಕೊಳ್ಳಿ.

2. ಸಿಗ್ನಲ್ ಮನೆಯೊಳಗೇ ಸಿಗಲಿ

ಅಂಗಳದ ಮೂಲೆಯಲ್ಲಿ, ಹಲಸಿನ ಮರದ ಬುಡದಲ್ಲಿ ಮಾತ್ರ ಸಿಗ್ನಲ್ ಇರುವ ಮನೆಗಳು ಇಲ್ಲಿ ಬೇಕಾದಷ್ಟಿವೆ. ಮಳೆಗಾಲದಲ್ಲಿ ಎಪ್ಪತ್ತೈದು ವರ್ಷದವರನ್ನು ಜಾರುವ ಅಂಗಳಕ್ಕೆ ಕಳಿಸಬೇಡಿ. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಹಾಕಿ. ಟವರ್ ಇಲ್ಲದಿದ್ದರೂ ಮಾಮೂಲಿ ಕರೆ ವೈಫೈ ಮೂಲಕ ಬರುತ್ತದೆ, ಹಿರಿಯರು ಹೊಸದೇನನ್ನೂ ಕಲಿಯಬೇಕಾಗಿಲ್ಲ. ನಿಮ್ಮ ಸಿಮ್ಮಿಗೂ ಫೋನಿಗೂ ಈ ಸೌಲಭ್ಯ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಕರೆಂಟು ಹೋದರೆ ರೂಟರ್ ಆರುತ್ತದೆ, ಅದಕ್ಕೊಂದು ಪುಟ್ಟ ಯುಪಿಎಸ್ ಇಡಿ. ಕೊಳ್ಳುವ ಮುಂಚೆ ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್ ನೋಡಿಕೊಳ್ಳಿ, ಸಾಮಾನ್ಯವಾಗಿ 12 ಇರುತ್ತದೆ.

ಹಳೆಯ ಬಟನ್ ಫೋನನ್ನು ಎಸೆಯಲೇಬೇಡಿ. ಬೇರೆ ಕಂಪನಿಯ ಸಿಮ್ ಹಾಕಿ ಅದನ್ನೂ ಚಾರ್ಜ್ ಮಾಡಿಡಿ. ಆರಿದ್ರಾ, ಪುನರ್ವಸು ಮಳೆ ಹಿಡಿದು ಮರ ಬಿದ್ದು ಮೂರು ದಿನ ಕರೆಂಟು ಇಲ್ಲದಾಗ ಕೈ ಹಿಡಿಯುವುದು ಅದೇ.

3. ಫೋನನ್ನು ಕೈಗೆ ಒಗ್ಗಿಸಿ

ಎಲ್ಲರೂ ಎಡವುವುದು ಇಲ್ಲಿ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಮೊದಲು ಅವರ ಕೈ ನೋಡಿ. ಅರವತ್ತು ವರ್ಷ ಅಡಿಕೆ ಸುಲಿದ, ಚೊಗರು ಹತ್ತಿ ಕಪ್ಪಾದ, ಒಲೆಯ ಮುಂದೆ ಗಡುಸಾದ ಬೆರಳುಗಳು. ವಯಸ್ಸಾದಂತೆ ಚರ್ಮ ಒಣಗುತ್ತದೆ, ಒಣ ಬೆರಳಿನ ಸ್ಪರ್ಶ ಫೋನಿನ ಗಾಜಿಗೆ ಸರಿಯಾಗಿ ತಿಳಿಯುವುದಿಲ್ಲ. ಅದರ ಮೇಲೆ ನೀವು ರಸ್ತೆ ಬದಿಯಲ್ಲಿ ತಂದ ದಪ್ಪ ಸ್ಕ್ರೀನ್ ಗಾರ್ಡ್ ಅಂಟಿಸಿರುತ್ತೀರಿ. ಅದನ್ನು ಕಿತ್ತು ಹಾಕಿ. ಬೇಕೇ ಬೇಕೆಂದರೆ ತೆಳ್ಳಗಿನ ಒಳ್ಳೆಯದನ್ನು ಹಾಕಿಸಿ. ಪುಸ್ತಕದಂತೆ ಮುಚ್ಚುವ ಕವರ್ ಕೂಡ ಬೇಡ, ಬಿಡಿಸುವಾಗಲೇ ಹೆಬ್ಬೆರಳು ತಾಗಿ ಕರೆ ಕಟ್ ಆಗುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಗೆ ಹೋಗಿ, ಟಚ್ ಆ್ಯಂಡ್ ಹೋಲ್ಡ್ ಡಿಲೇ ಎನ್ನುವುದನ್ನು 'ಲಾಂಗ್'ಗೆ ಬದಲಾಯಿಸಿ. ಹಿರಿಯರು ಮುಟ್ಟಿ ತಕ್ಷಣ ಬೆರಳು ತೆಗೆಯುವುದಿಲ್ಲ, ಕಾಲಿಂಗ್ ಬೆಲ್ ಒತ್ತಿದ ಹಾಗೆ ಒತ್ತಿ ಹಿಡಿಯುತ್ತಾರೆ. ಫೋನು ಅದನ್ನು ಬೇರೆಯೇ ಆಜ್ಞೆ ಎಂದುಕೊಂಡು ಏನೇನೋ ತೆರೆದಿಡುತ್ತದೆ. ನನ್ನ ಜಗಲಿಗೆ "ಹಾಳಾಗಿ" ಬಂದ ಎಷ್ಟೋ ಫೋನುಗಳು ಈ ಒಂದು ಬದಲಾವಣೆಯಿಂದ ಸರಿಹೋಗಿವೆ.

ಮುಖಪುಟದಲ್ಲಿ ನಾಲ್ಕೇ ಚಿತ್ರ ಇರಲಿ: ಫೋನು, ವಾಟ್ಸ್‌ಆ್ಯಪ್, ಮಗ, ಮಗಳು. ವಾಟ್ಸ್‌ಆ್ಯಪ್‌ನಲ್ಲಿ ನಿಮ್ಮ ಚಾಟ್ ಒತ್ತಿ ಹಿಡಿದರೆ ಮೇಲಿನ ಮೂರು ಚುಕ್ಕಿಯೊಳಗೆ ಶಾರ್ಟ್‌ಕಟ್ ಸೇರಿಸುವ ಅವಕಾಶ ಸಿಗುತ್ತದೆ, ನಿಮ್ಮ ಮುಖವೇ ಮುಖಪುಟಕ್ಕೆ ಬಂದು ಕೂರುತ್ತದೆ. ಪ್ರೊಫೈಲ್‌ನಲ್ಲಿ ಹೂವು, ಸೂರ್ಯಾಸ್ತ ಹಾಕಿಕೊಂಡವರು ಅದನ್ನು ತೆಗೆದು ನಿಮ್ಮ ಈಗಿನ ಮುಖ ಹಾಕಿ. ಗ್ರೂಪುಗಳಿಂದ ಬರುವ ಫೋಟೊ, ವಿಡಿಯೊ ತಾನೇ ಇಳಿಯದಂತೆ ಆಟೊ ಡೌನ್‌ಲೋಡ್ ನಿಲ್ಲಿಸಿ. ಶುಭೋದಯದ ಚಿತ್ರಗಳಿಂದಲೇ ಜಾಗ ತುಂಬಿ ಫೋನು ಮಲಗಿಬಿಡುತ್ತದೆ. ಬ್ಯಾಂಕು, ಹಣ ಕಳಿಸುವ ಆ್ಯಪ್ ಈ ಫೋನಿನಲ್ಲಿ ಇರಲೇಬಾರದು.

ಈಗ ಕಲಿಸುವುದು. ನಿಮ್ಮ ಎರಡೂ ಕೈ ಹಿಂದಕ್ಕೆ ಕಟ್ಟಿಕೊಳ್ಳಿ. ನಿಜವಾಗಿಯೂ ಕಟ್ಟಿಕೊಳ್ಳಿ. "ಕೊಡಿಲ್ಲಿ, ನಾನು ಮಾಡ್ತೀನಿ" ಎಂದು ಕಸಿದುಕೊಂಡ ಕ್ಷಣವೇ ಅವರು ಕಲಿಯುವುದನ್ನು ಬಿಡುತ್ತಾರೆ. ತಾನು ದಡ್ಡಿ ಎಂದುಕೊಂಡು ಅಮ್ಮ ಸುಮ್ಮನಾದರೆ ಮತ್ತೆ ಫೋನು ಮುಟ್ಟುವಂತೆ ಮಾಡುವುದು ಬಹಳ ಕಷ್ಟ.

ಮೊದಲ ದಿನ ಕರೆ ಎತ್ತುವುದೊಂದೇ. ನೀವು ಪಕ್ಕದ ಕೋಣೆಗೆ ಹೋಗಿ ಹತ್ತು ಸಲ ಮಾಡಿ. ಫೋನು ಲಾಕ್ ಆಗಿದ್ದಾಗ ವಾಟ್ಸ್‌ಆ್ಯಪ್ ಕರೆ ಬಂದರೆ ಸಾಮಾನ್ಯವಾಗಿ ಗುಂಡಿ ಒತ್ತಿದರೆ ಆಗುವುದಿಲ್ಲ, ಮೇಲಕ್ಕೆ ಸರಿಸಬೇಕು. ಒತ್ತಿ ಒತ್ತಿ ಸೋಲುವವರೇ ಹೆಚ್ಚು. 'ಸ್ವೈಪ್ ಮಾಡಿ' ಎಂದರೆ ಅರ್ಥವಾಗುವುದಿಲ್ಲ. "ಮೊರದಲ್ಲಿ ಅಕ್ಕಿ ಹಾಕ್ಕೊಂಡು ಕಲ್ಲನ್ನ ಬೆರಳಲ್ಲೇ ಅಂಚಿಗೆ ಸರಿಸ್ತೀಯಲ್ಲ ಅಮ್ಮ, ಹಾಗೆ" ಎಂದು ಹೇಳಿ ನೋಡಿ. ಉಗುರಿನಲ್ಲಲ್ಲ, ಬೆರಳಿನ ಮೆತ್ತನೆಯ ಭಾಗದಲ್ಲಿ. ನಾನು ಹೀಗೆ ಹೇಳಿಕೊಟ್ಟ ಎಂಬತ್ತೆರಡರ ಅಜ್ಜಿಯೊಬ್ಬರು ಮೂರನೇ ಸಲಕ್ಕೇ ಎತ್ತಿದರು.

ಎರಡನೇ ದಿನ ತಾವಾಗಿ ಕರೆ ಮಾಡುವುದು. ಇದನ್ನು ಬಿಟ್ಟುಬಿಡುವ ಮಕ್ಕಳೇ ಜಾಸ್ತಿ, "ನಾನೇ ಮಾಡ್ತೀನಲ್ಲ" ಎನ್ನುತ್ತಾರೆ. ಆದರೆ ಬೇಕೆನಿಸಿದಾಗ ತಾನೇ ಮಾಡಬಲ್ಲೆ ಎನ್ನುವ ಧೈರ್ಯ ಇಲ್ಲದಿದ್ದರೆ ದೊಡ್ಡ ಮನೆಯಲ್ಲಿ ಒಬ್ಬರೇ ಇರುವುದು ಬಹಳ ಭಾರ. ಮೂರನೇ ದಿನ ಕಟ್ ಮಾಡುವುದು, ಚಾರ್ಜಿಗೆ ಇಡುವುದು, ಸದ್ದು ಏರಿಸುವುದು.

ಕೊನೆಗೆ ಇವಿಷ್ಟನ್ನೂ ಒಂದು ಹಾಳೆಯಲ್ಲಿ ದಪ್ಪಕ್ಷರದಲ್ಲಿ, ಅವರೇ ಬಳಸಿದ ಮಾತಿನಲ್ಲಿ ಬರೆದು ಕ್ಯಾಲೆಂಡರ್ ಪಕ್ಕ ಅಂಟಿಸಿ. ಅವರು 'ಹಸಿರು ಬೊಟ್ಟು' ಎಂದರೆ ನೀವೂ ಹಸಿರು ಬೊಟ್ಟು ಎಂದೇ ಬರೆಯಿರಿ.

4. ಕೇಳುವ ಹಾಗೆ ಮಾತಾಡಿ

ವಯಸ್ಸಿನ ಕಿವುಡುತನದಲ್ಲಿ ಮೊದಲು ಹೋಗುವುದು ಸಣ್ಣ, ಏರುದನಿಯ ಸದ್ದುಗಳು. ಸ, ಶ, ತ, ಕ ಇಂಥ ಅಕ್ಷರಗಳು ಮಸುಕಾಗುತ್ತವೆ. ಕೂಗಿದರೆ ಉಪಯೋಗವಿಲ್ಲ. ದನಿಯನ್ನು ಕೀರಲು ಮಾಡದೆ ಶ್ರುತಿ ತಗ್ಗಿಸಿ, ಬಿಡಿಸಿ ಬಿಡಿಸಿ ಹೇಳಿ. ಸ್ಪೀಕರ್‌ಗಿಂತ ಕಿವಿಗೆ ಹಿಡಿದ ಫೋನೇ ಒಳ್ಳೆಯದು. ಅದಕ್ಕೇ ದಿನಾ ಬರೀ ಮಾತು ಸಾಕು, ವಿಡಿಯೊ ಭಾನುವಾರಕ್ಕಿರಲಿ.

5. ಮಾತಿಗೊಂದು ಎಳೆ ಇಟ್ಟುಕೊಳ್ಳಿ

"ಊಟ ಆಯ್ತಾ? ಮಾತ್ರೆ ತಗೊಂಡ್ಯಾ? ಹುಷಾರು, ಇಡ್ತೀನಿ." ಇದು ಹಾಜರಿ ಕರೆಯುವುದು. ಮೂವತ್ತು ವರ್ಷ ಹಾಜರಿ ಕರೆದವನಾಗಿ ಹೇಳುತ್ತೇನೆ, ಅಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ.

ಅವರಿಗೆ ಗೊತ್ತಿರುವುದನ್ನು ಕೇಳಿ. ನನ್ನ ಮಗಳು ಪುಣೆಯಲ್ಲಿದ್ದಾಳೆ. ಅವಳ ಅಮ್ಮನಿಗೆ ಫೋನ್ ಮಾಡುವುದು ಒಗ್ಗರಣೆ ಸಿಡಿಯುವ ಹೊತ್ತಿಗೇ.

"ಅಮ್ಮ, ಮೊಗೆಕಾಯಿ ಹುಳಿಗೆ ಹುಣಸೆ ರಸ ಯಾವಾಗ ಬಿಡದು?"

"ಹೋಳು ಬೆಂದ ಮೇಲೆ ಬಿಡೇ. ಮೊದ್ಲೇ ಬಿಟ್ರೆ ಹೋಳು ಬೇಯದಿಲ್ಲ. ಬೆಲ್ಲ ಇದ್ಯಾ ಮನೇಲಿ?"

ಅಲ್ಲಿಂದ ಮಾತು ಬೆಲ್ಲಕ್ಕೆ, ಆಲೆಮನೆಗೆ, ಪಕ್ಕದ ಮನೆಯ ಮದುವೆಗೆ ಹೋಗುತ್ತದೆ. ಮಗಳಿಗೆ ಹುಳಿ ಮಾಡುವುದು ಚೆನ್ನಾಗಿಯೇ ಗೊತ್ತು ಎಂದು ನನ್ನ ಹೆಂಡತಿಗೂ ಗೊತ್ತಿದೆ. ಆದರೂ ಆ ಪ್ರಶ್ನೆಗೆ ಅವಳು ಕಾಯುತ್ತಾಳೆ.

ಅಪ್ಪಯ್ಯನ ಹತ್ತಿರ ತೋಟದ ಮಾತಾಡಿ. ಅಡಿಕೆಗೆ ಬೋರ್ಡೋ ಔಷಧಿ ಎರಡನೇ ಸಲ ಹೊಡೆಯಲು ಮಳೆ ಹೊಳವು ಕೊಟ್ಟಿತಾ? ಕೊಳೆ ರೋಗ ಕಾಣಿಸಿತಾ? ಅಡಿಕೆ ಕೊನೆ ತೆಗೆಯಲು ಜನ ಸಿಕ್ಕರಾ? ನೆನ್ನೆ ಹೇಳಿದ್ದನ್ನು ಇವತ್ತು ನೆನಪಿಟ್ಟು ಕೇಳಿ. ಗಬ್ಬದ ದನ ಕರು ಹಾಕಿತಾ ಎಂದು ನೀವಾಗಿ ಕೇಳಿದ ದಿನ ಅವರ ದನಿಯೇ ಬೇರೆ ಇರುತ್ತದೆ.

ಮೊಮ್ಮಕ್ಕಳನ್ನು ಎಳೆದು ತಂದು "ಅಜ್ಜಿಗೆ ಹಾಯ್ ಹೇಳು" ಎನ್ನಬೇಡಿ, ಮಗು ಓಡುತ್ತದೆ, ಅಜ್ಜಿ ಪೆಚ್ಚಾಗುತ್ತಾರೆ. ಅಜ್ಜಿ ದಿನಾ ಒಂದು ಒಗಟು ಹೇಳಲಿ, ಉತ್ತರ ನಾಳೆಗೆ. ಮಗುವೇ ಮರುದಿನ ಫೋನು ಕೇಳುತ್ತದೆ. ಹೊತ್ತು ಹೊಂದದಿದ್ದರೆ ವಾಯ್ಸ್ ಮೆಸೇಜ್ ಇದೆ: ಮೈಕ್ ಒತ್ತಿ ಹಿಡಿದು ಮೇಲಕ್ಕೆ ಸರಿಸಿದರೆ ಅದು ಅಲ್ಲೇ ನಿಲ್ಲುತ್ತದೆ, ಬೆರಳು ಬಿಟ್ಟು ಆರಾಮಾಗಿ ಮಾತಾಡಬಹುದು.

6. ಕೈಗೆ ಸಿಗುವಂಥದ್ದೂ ಇರಲಿ

50 ಪೈಸೆಯ ಅಂಚೆ ಕಾರ್ಡಿನಲ್ಲಿ ಮಗು ಬರೆದ ನಾಲ್ಕು ಸಾಲು ತಿಂಗಳಿಗೊಮ್ಮೆ ಬರಲಿ. ಊರಿಂದ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಬಸ್ಸಿಗೆ ಹಾಕುತ್ತೇವೆ ಎಂದರೆ "ಇಲ್ಲೇ ಸಿಗತ್ತೆ, ಬೇಡ" ಅನ್ನಬೇಡಿ. ತರಿಸಿಕೊಳ್ಳಿ, ತಿಂದು ರುಚಿ ಹೇಳಿ.

7. ಗುಟ್ಟಿನ ಮಾತು

ಪೊಲೀಸರೆಂದು ವಿಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುವವರಿದ್ದಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. "ನಾನು ನಿಮ್ಮ ಮಗ, ಆಸ್ಪತ್ರೆಯಲ್ಲಿದ್ದೀನಿ, ದುಡ್ಡು ಹಾಕಿ" ಎನ್ನುವವರೂ ಇದ್ದಾರೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಪದ ಇಟ್ಟುಕೊಳ್ಳಿ, ಸತ್ತುಹೋದ ನಾಯಿಯ ಹೆಸರಾದರೂ ಸರಿ. ಆ ಪದ ಹೇಳದಿದ್ದರೆ ಫೋನು ಇಡಲಿ. ದುಡ್ಡು ಹೋಗಿಯೇಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಿರಿಯರಿಗೆ ಮಾಹಿತಿ, ಸಲಹೆ ಬೇಕಿದ್ದರೆ ಹಿರಿಯರ ಸಹಾಯವಾಣಿ 14567 ಇದೆ.

8. ಎತ್ತದಿದ್ದರೆ?

ಬೆಳಿಗ್ಗೆಯೇ ಮಾಡಿ ಎಂದೆನಲ್ಲ, ಇದಕ್ಕೇ. ನಮ್ಮ ಕಡೆ ಒಂಟಿ ಮನೆಗಳು, ಪಕ್ಕದ ಮನೆ ಎಂದರೆ ತೋಟ ದಾಟಿ, ಹಳ್ಳದ ಮೇಲಿನ ಸಂಕ (ಕಾಲುಸೇತುವೆ) ದಾಟಿ ಹೋಗಬೇಕು. ಎಂಟೂವರೆಗೆ ಎತ್ತದಿದ್ದರೆ ಒಂಬತ್ತಕ್ಕೆ ಮತ್ತೆ ಮಾಡಿ, ಬಟನ್ ಫೋನಿಗೂ ಮಾಡಿ. ಆಗಲೂ ಇಲ್ಲವೆಂದರೆ ಪಕ್ಕದ ಮನೆಗೆ. ರಾತ್ರಿ ಒಂಬತ್ತಕ್ಕೆ ಈ ಕೆಲಸ ಬಂದರೆ ಟಾರ್ಚು ಹಿಡಿದು ಮಳೆಯಲ್ಲಿ ಯಾರನ್ನು ಕಳಿಸುತ್ತೀರಿ? ಬಚ್ಚಲಲ್ಲಿ ಜಾರಿ ಬಿದ್ದವರು ಬೆಳಗಿನವರೆಗೆ ಅಲ್ಲೇ ಇದ್ದ ಮನೆ ನಾನು ನೋಡಿದ್ದೇನೆ.

ಪಕ್ಕದ ಮನೆಯ ಇಬ್ಬರ ನಂಬರ್ ನಿಮ್ಮ ಹತ್ತಿರ, ನಿಮ್ಮ ನಂಬರ್ ಅವರ ಹತ್ತಿರ ಇರಲಿ. ಹಿತ್ತಲ ಬಾಗಿಲಿನ ಇನ್ನೊಂದು ಬೀಗದ ಕೈ ಅವರಲ್ಲೇ ಇರಲಿ. ಆಂಬುಲೆನ್ಸಿನ 108, ತುರ್ತು ಸಹಾಯದ 112 ಗೋಡೆಯ ಹಾಳೆಯ ಮೇಲಿರಲಿ. ಹಬ್ಬಕ್ಕೆ ಊರಿಗೆ ಬಂದಾಗ ಫೋನಿನ ಪಾಠ ಶುರುಮಾಡುವ ಮುಂಚೆ ಆ ಮನೆಗೆ ಒಮ್ಮೆ ಹೋಗಿ, ಕೂತು, ಕಾಫಿ ಕುಡಿದು ಬನ್ನಿ.