ಚಹಾಕ್ಕೆ ಬೇರೆ ಹೊತ್ತು, ರೊಟ್ಟಿಗೆ ನಿಂಬೆ: ಊಟದಿಂದಲೇ ರಕ್ತಹೀನತೆ ತಡೆಯುವುದು ಹೇಗೆ?

‘ರಕ್ತ ಕಡಿಮೆ ಇದೆ, ದಾಳಿಂಬೆ ತಿನ್ನಮ್ಮಾ.’ ಕೊಪ್ಪಳ, ರಾಯಚೂರು ಕಡೆ ಬಸುರಿಗೂ ಬಾಣಂತಿಗೂ ಹಿರಿಯರು ಹೇಳುವ ಮೊದಲ ಮಾತು ಇದು. ಕೂಲಿಯ ದುಡ್ಡಿನಲ್ಲಿ ಅರ್ಧ ಕಿಲೊ ದಾಳಿಂಬೆ ಕೊಂಡು ತಂದು ಸೊಸೆಗೆ ಬಿಡಿಸಿಕೊಡುವ ಅತ್ತೆಯ ಅಕ್ಕರೆ ದೊಡ್ಡದು. ಆದರೆ ಬಣ್ಣ ಕೆಂಪಾಗಿದ್ದ ಮಾತ್ರಕ್ಕೆ ಹಣ್ಣು ರಕ್ತವನ್ನು ಹೆಚ್ಚಿಸುವುದಿಲ್ಲ. ರಕ್ತ ತಯಾರಾಗಲು ಬೇಕಾದ ಕಬ್ಬಿಣ ನೂರು ಗ್ರಾಂ ದಾಳಿಂಬೆಯಲ್ಲಿ ಅರ್ಧ ಮಿಲಿಗ್ರಾಂ ಕೂಡ ಇರುವುದಿಲ್ಲ. ಬೀಟ್‌ರೂಟ್‌ನಲ್ಲಿ ಒಂದು ಮಿಲಿಗ್ರಾಂ ಆಸುಪಾಸು. ಅಷ್ಟೇ ತೂಕದ ಜೋಳದಲ್ಲಿ ಸುಮಾರು 4, ಸಜ್ಜೆಯಲ್ಲಿ ಸುಮಾರು 6, ಹುರುಳಿಯಲ್ಲಿ 8ಕ್ಕೂ ಹೆಚ್ಚು ಮಿಲಿಗ್ರಾಂ ಇದೆ.

ಜೋಳ, ಸಜ್ಜೆ, ಕಾಳುಗಳ ನಾಡಿನಲ್ಲಿ ಹಾಗಾದರೆ ರಕ್ತಹೀನತೆ ಏಕೆ ಇಷ್ಟು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 57ರಷ್ಟು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟು ಮಂದಿಗೆ ರಕ್ತಹೀನತೆ ಇದೆ. ಇದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ನಮ್ಮ ಅಡುಗೆಮನೆಯಲ್ಲೇ ಸರಿಪಡಿಸಬಹುದಾದದ್ದು ಒಂದಿದೆ: ತಟ್ಟೆಯಲ್ಲಿರುವ ಕಬ್ಬಿಣ ರಕ್ತಕ್ಕೆ ಸೇರುತ್ತಿಲ್ಲ. ಕಾಳು, ಸೊಪ್ಪು, ಧಾನ್ಯಗಳ ಕಬ್ಬಿಣದಲ್ಲಿ ಸಾಮಾನ್ಯವಾಗಿ ಹತ್ತನೇ ಒಂದು ಪಾಲೂ ದೇಹಕ್ಕೆ ದಕ್ಕುವುದಿಲ್ಲ. ಯಾವುದರ ಜೊತೆಗೆ ಯಾವುದನ್ನು, ಯಾವ ಹೊತ್ತಿಗೆ ತಿನ್ನುತ್ತೇವೆ ಎಂಬುದರ ಮೇಲೆ ಈ ಪಾಲು ಏರುತ್ತದೆ, ಇಳಿಯುತ್ತದೆ. ಹೊಸದಾಗಿ ಏನನ್ನೂ ಕೊಳ್ಳದೆ ಮಾಡಬಹುದಾದ ಬದಲಾವಣೆಗಳೇ ಇಲ್ಲಿ ಹೆಚ್ಚು.

ಹೆಜ್ಜೆ 1: ರಕ್ತ ಪರೀಕ್ಷೆ ಮಾಡಿಸಿ

ಊಹೆಯ ಮೇಲೆ ಶುರು ಮಾಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಉಚಿತ. ಪ್ರತಿ ಡೆಸಿಲೀಟರ್ (100 ಮಿಲಿಲೀಟರ್) ರಕ್ತದಲ್ಲಿ ಮಹಿಳೆಯರಿಗೆ 12 ಗ್ರಾಂ, ಗರ್ಭಿಣಿಯರಿಗೆ 11 ಗ್ರಾಂ, ಪುರುಷರಿಗೆ 13 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಮೆಟ್ಟಿಲು ಹತ್ತಿದರೆ ಏದುಸಿರು, ಕೆಳಗಿನ ಕಣ್ರೆಪ್ಪೆಯ ಒಳಭಾಗ ಬಿಳಿಚಿಕೊಳ್ಳುವುದು, ಸದಾ ಸುಸ್ತು ಇದರ ಲಕ್ಷಣಗಳು. ಇನ್ನೊಂದನ್ನು ಮನೆಯವರು ಗಮನಿಸುವುದೇ ಇಲ್ಲ, ಗಮನಿಸಿದರೂ ಬೈದು ಸುಮ್ಮನಾಗುತ್ತಾರೆ: ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಚಪಲ. ಮಗುವಾಗಲಿ ಬಸುರಿಯಾಗಲಿ, ಹೀಗೆ ತಿನ್ನುತ್ತಿದ್ದರೆ ಗದರಿಸುವ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇರುವವರಲ್ಲಿ ಈ ಚಪಲ ಹೆಚ್ಚಾಗಿ ಕಾಣುತ್ತದೆ.

ಹೆಜ್ಜೆ 2: ಚಹಾವನ್ನು ಊಟದಿಂದ ದೂರವಿಡಿ

ಒಂದನ್ನಷ್ಟೇ ಮಾಡಲು ಸಾಧ್ಯ ಎನ್ನುವವರು ಇದನ್ನೇ ಮಾಡಲಿ. ಬಳ್ಳಾರಿಯಿಂದ ರಾಯಚೂರಿನವರೆಗೆ ಬೆಳಗಿನ ಹೋಟೆಲುಗಳಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ, ಹಿಂದೆಯೇ ಚಹಾ. ಹೊಲಕ್ಕೆ ಬುತ್ತಿ ಒಯ್ದವರೂ ರೊಟ್ಟಿ ಉಂಡ ಕೂಡಲೇ ಚಹಾ ಕುಡಿಯುತ್ತಾರೆ. ಚಹಾದ ಒಗರು ಅಂಶಗಳು ಹೊಟ್ಟೆಯಲ್ಲಿ ಕಬ್ಬಿಣವನ್ನು ಕಟ್ಟಿಹಾಕುತ್ತವೆ. ಊಟದ ಜೊತೆ ಕುಡಿದ ಒಂದು ಲೋಟ ಚಹಾ ಆ ಊಟದಿಂದ ದಕ್ಕಬೇಕಿದ್ದ ಕಬ್ಬಿಣದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಡೆಯಬಲ್ಲದು. ಕಾಫಿಯೂ ಇದನ್ನೇ ಮಾಡುತ್ತದೆ.

ಚಹಾ ಬಿಡಿ ಎಂದು ಹೇಳುತ್ತಿಲ್ಲ. ನಸುಕಿನಲ್ಲಿ ಎದ್ದು ಸಸಿ ನಾಟಿಗೆ ಹೊರಡುವ ಹೆಣ್ಣುಮಗಳಿಗೆ ಬಿಸಿ ಚಹಾ ಎಷ್ಟು ಆಸರೆ ಎಂಬುದು ಗೊತ್ತಿದೆ. ಎದ್ದ ಕೂಡಲೇ ಕುಡಿಯಿರಿ, ಆದರೆ ರೊಟ್ಟಿ ತಿನ್ನುವುದು ಒಂದು ಗಂಟೆ ಕಳೆದ ಮೇಲಿರಲಿ. ಊಟದ ನಂತರದ ಚಹಾಕ್ಕೂ ಕನಿಷ್ಠ ಒಂದು ಗಂಟೆ ಬಿಡುವಿರಲಿ. ಮಕ್ಕಳಿಗಂತೂ ಚಹಾ ಬೇಡವೇ ಬೇಡ. ಚಹಾದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸಿದರೆ ಮಗುವಿನ ಹೊಟ್ಟೆ ತುಂಬುತ್ತದೆ, ಪೋಷಣೆ ಸಿಗುವುದಿಲ್ಲ, ಮುಂದಿನ ಊಟದ ಹಸಿವೂ ಸಾಯುತ್ತದೆ.

ಹೆಜ್ಜೆ 3: ಪ್ರತಿ ಊಟಕ್ಕೂ ಹುಳಿ ಅಥವಾ ಹಸಿಯದೊಂದು

ಚಹಾ ಕಿತ್ತುಕೊಳ್ಳುವುದನ್ನು ಸಿ ಜೀವಸತ್ವ ಕೊಡಿಸುತ್ತದೆ. ಅದೇ ಊಟದಲ್ಲಿ ಇದ್ದರೆ ಕಾಳು, ಧಾನ್ಯದ ಕಬ್ಬಿಣ ಎರಡು ಮೂರು ಪಟ್ಟು ಹೆಚ್ಚು ದಕ್ಕಬಹುದು. ಬೆಳಿಗ್ಗೆ ಹಣ್ಣು ತಿಂದು ಮಧ್ಯಾಹ್ನ ರೊಟ್ಟಿ ಉಂಡರೆ ಈ ಲಾಭವಿಲ್ಲ. ಎರಡೂ ಒಂದೇ ಹೊತ್ತಿಗೆ ಹೊಟ್ಟೆ ಸೇರಬೇಕು.

ಸಿ ಜೀವಸತ್ವ ಬಿಸಿಗೆ ನಾಶವಾಗುತ್ತದೆ. ಆದ್ದರಿಂದ ನಿಂಬೆರಸವನ್ನು ಕುದಿಯುವ ಸಾರಿಗೆ ಹಾಕದೆ ಉಣ್ಣುವಾಗ ತಟ್ಟೆಯಲ್ಲೇ ಹಿಂಡಿಕೊಳ್ಳಿ. ಒಗ್ಗರಣೆ ಮಂಡಕ್ಕಿಗೂ ಹಾಗೆಯೇ. ಅದರಲ್ಲಿ ಶೇಂಗಾ, ಪುಠಾಣಿ ಹಿಟ್ಟು ಹೇಗೂ ಇರುತ್ತವೆ. ಊಟದ ಕೊನೆಗೆ ಒಂದು ಪೇರಲ ಹಣ್ಣು ತಿಂದರೆ ಬಹಳ ಒಳ್ಳೆಯದು. ನೂರು ಗ್ರಾಂ ಪೇರಲದಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದೆ, ನಿಂಬೆಗಿಂತ ಎಷ್ಟೋ ಪಟ್ಟು ಹೆಚ್ಚು. ಚಳಿಗಾಲದಲ್ಲಿ ನೆಲ್ಲಿಕಾಯಿ ಸಿಗುತ್ತದೆ.

ಇಲ್ಲಿ ನಮ್ಮ ಹಳೆಯ ಊಟದ ಪದ್ಧತಿಯನ್ನು ಮೆಚ್ಚದೆ ಇರಲಾಗುವುದಿಲ್ಲ. ರೊಟ್ಟಿಯ ಪಕ್ಕ ಹಸಿ ಮೆಂತ್ಯ ಸೊಪ್ಪು, ಹಕ್ಕರಿಕಿ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಇಟ್ಟುಕೊಂಡು ಉಣ್ಣುವ ರೂಢಿ ಇನ್ನೂ ಉಳಿದಿದೆ. ಪುಂಡಿಪಲ್ಯವನ್ನೇ ನೋಡಿ: ಹುಳಿ ಸೊಪ್ಪು, ತೊಗರಿಬೇಳೆ, ಜೋಳದ ನುಚ್ಚು ಒಂದೇ ಪಾತ್ರೆಯಲ್ಲಿ. ಬೇಯಿಸಿದಾಗ ಸೊಪ್ಪಿನ ಸಿ ಜೀವಸತ್ವ ಒಂದಷ್ಟು ಕಳೆದುಹೋದರೂ ಅದರ ಹುಳಿ ಉಳಿಯುತ್ತದೆ. ಆ ಹುಳಿಯೂ ಕಬ್ಬಿಣವನ್ನು ದಕ್ಕಿಸಿಕೊಳ್ಳಲು ನೆರವಾಗುತ್ತದೆ. ಸೊಪ್ಪನ್ನು ಹಸಿಯಾಗಿ ತಿನ್ನುವುದಾದರೆ ಎರಡು ಮೂರು ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಔಷಧಿ ಹೊಡೆದ ಹೊಲದ ಬದುವಿನ ಹಕ್ಕರಿಕಿ ಮಾತ್ರ ಬೇಡ.

ಹೆಜ್ಜೆ 4: ಕಾಳು ನೆನೆಸಿ, ಮೊಳಕೆ ಬರಿಸಿ

ಕಾಳು, ಧಾನ್ಯಗಳಲ್ಲಿ ಫೈಟೇಟ್ ಎಂಬ ವಸ್ತುವಿದೆ. ಇದು ಕಬ್ಬಿಣವನ್ನೂ ಸತುವನ್ನೂ ಬಿಗಿಹಿಡಿದು ದೇಹಕ್ಕೆ ಸಿಗದಂತೆ ಮಾಡುತ್ತದೆ. ನೆನೆಸುವುದು, ಮೊಳಕೆ ಬರಿಸುವುದು, ಹುಳಿ ಬರಿಸುವುದು ಈ ಮೂರೂ ಅದನ್ನು ಕಡಿಮೆ ಮಾಡುತ್ತವೆ.

ಹೆಸರು, ಮಡಕಿ, ಹುರುಳಿ, ಅಲಸಂದೆ ಯಾವುದಾದರೂ ಆಗಬಹುದು. ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ತೊಳೆದು, ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಹೆಸರು, ಮಡಕಿ ಸಂಜೆಯೊಳಗೆ ಬಾಯಿಬಿಡುತ್ತವೆ. ಹುರುಳಿಗೆ ಇನ್ನೊಂದು ರಾತ್ರಿ ಬೇಕು. ನಮ್ಮ ಬೇಸಿಗೆಯಲ್ಲಿ ಒಂದು ಎಚ್ಚರ. ರಾಯಚೂರಿನ ಏಪ್ರಿಲ್, ಮೇ ಬಿಸಿಲಿಗೆ ಕಾಳು ಬೇಗ ಮೊಳಕೆಯೊಡೆಯುತ್ತದೆ, ಅಷ್ಟೇ ಬೇಗ ಹಳಸುತ್ತದೆ. ಗಂಟನ್ನು ತಣ್ಣಗಿನ ನೆರಳಿನಲ್ಲಿಟ್ಟು ಎರಡು ಬಾರಿ ತೊಳೆದು ಮತ್ತೆ ಕಟ್ಟಿ. ಲೋಳೆ ಅಥವಾ ವಾಸನೆ ಬಂದಿದ್ದರೆ ಚೆಲ್ಲಿಬಿಡಿ. ಮಕ್ಕಳಿಗೆ, ಗರ್ಭಿಣಿಯರಿಗೆ ಮೊಳಕೆ ಕಾಳನ್ನು ಬೇಯಿಸಿಯೇ ಕೊಡಿ.

ಅಂಬಲಿಯೂ ಇದೇ ಗುಂಪಿಗೆ ಸೇರಿದ್ದು. ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ರಾತ್ರಿಯಿಡೀ ಬಿಟ್ಟರೆ ಸಣ್ಣಗೆ ಹುಳಿ ಬರುತ್ತದೆ. ಬೆಳಿಗ್ಗೆ ಅದನ್ನು ಕುದಿಯುವ ನೀರಿಗೆ ಸುರಿದು ಕೈಬಿಡದೆ ತಿರುವಿ ಬೇಯಿಸಿ, ಆರಿದ ಮೇಲೆ ಮಜ್ಜಿಗೆ, ಹೆಚ್ಚಿದ ಉಳ್ಳಾಗಡ್ಡಿ ಹಾಕಿ. ಬಿಸಿಲಿಗೆ ಹೋಗುವವರಿಗೆ ತಂಪು ಪಾನೀಯದ ಬಾಟಲಿಗಿಂತ ಇದು ಎಲ್ಲ ರೀತಿಯಲ್ಲೂ ಮೇಲು. ಎಳ್ಳು, ಅಗಸಿ, ಗುರೆಳ್ಳಿನ ಹಿಂಡಿಗಳಲ್ಲೂ ಪೋಷಕಾಂಶಗಳು ಸಾಕಷ್ಟಿವೆ, ಆದರೆ ನಾವು ತಿನ್ನುವುದು ಒಂದೆರಡು ಚಮಚ. ಹಿಂಡಿಯೊಂದೇ ಪಲ್ಯವಾಗದಿರಲಿ, ಕಾಳಿನ ಪಲ್ಯವೂ ಜೊತೆಗಿರಲಿ.

ಹೆಜ್ಜೆ 5: ಹೆಣ್ಣುಮಕ್ಕಳ ಪಾಲನ್ನು ಮೊದಲೇ ತೆಗೆದಿಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷನಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಬೇಕು, ಮಹಿಳೆಗೆ 29. ಪ್ರತಿ ತಿಂಗಳ ಮುಟ್ಟಿನಲ್ಲಿ ಹೋಗುವ ರಕ್ತವೇ ಈ ವ್ಯತ್ಯಾಸಕ್ಕೆ ಕಾರಣ. ಬೇಕಾಗಿರುವುದು ಅವಳಿಗೆ ಹೆಚ್ಚು, ಆದರೆ ಕೊನೆಗೆ ಉಣ್ಣುವವಳೂ ಅವಳೇ. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುವುದು ಕಾಳಿಲ್ಲದ ತಿಳಿ ಸಾರು. ಈ ಲೇಖನದ ಉಳಿದೆಲ್ಲ ಸಲಹೆ ಪಾಲಿಸಿ ಇದೊಂದನ್ನು ಬಿಟ್ಟರೆ ಮನೆಯ ಹೆಂಗಸರ ರಕ್ತ ಏರುವುದಿಲ್ಲ. ಪಲ್ಯ ಇಳಿಸಿದ ಕೂಡಲೇ ಒಂದು ಬಟ್ಟಲು ಕಾಳನ್ನು ಅವಳಿಗೆಂದು ಬೇರೆ ಮುಚ್ಚಿಡಿ. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಇನ್ನೂ ಒಳ್ಳೆಯದು.

ಹೆಜ್ಜೆ 6: ಅನ್ನದ ಲೆಕ್ಕ ನೋಡಿಕೊಳ್ಳಿ

1953ರಲ್ಲಿ ತುಂಗಭದ್ರಾ ಕಾಲುವೆಗಳಿಗೆ ನೀರು ಹರಿದ ಮೇಲೆ ಗಂಗಾವತಿ, ಸಿಂಧನೂರು, ಸಿರುಗುಪ್ಪ ಭಾಗದ ಬದುಕು ಬದಲಾಯಿತು. ಹೊಲದಲ್ಲಿ ಭತ್ತ ಬಂದಂತೆ ತಟ್ಟೆಯಲ್ಲಿ ಅನ್ನ ಹೆಚ್ಚಿತು, ರೊಟ್ಟಿ ಕಡಿಮೆಯಾಯಿತು. ಪಾಲಿಶ್ ಮಾಡಿದ ನೂರು ಗ್ರಾಂ ಅಕ್ಕಿಯಲ್ಲಿ ಕಬ್ಬಿಣ ಒಂದು ಮಿಲಿಗ್ರಾಂಗಿಂತಲೂ ಕಡಿಮೆ. ದಿನದಲ್ಲಿ ಒಂದು ಹೊತ್ತಾದರೂ ಜೋಳದ ಅಥವಾ ಸಜ್ಜೆಯ ರೊಟ್ಟಿ ಇರಲಿ. ಸಜ್ಜೆ ರೊಟ್ಟಿಯನ್ನು ಸಂಕ್ರಾಂತಿ ಹಬ್ಬಕ್ಕಷ್ಟೇ ಮೀಸಲಿಡಬೇಕಿಲ್ಲ.

ಪಡಿತರ ಅಕ್ಕಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಹರಡಿದೆ. ತೊಳೆಯುವಾಗ ತೇಲುವ, ಬಣ್ಣದಲ್ಲಿ ತುಸು ಬೇರೆಯಾಗಿ ಕಾಣುವ ಕಾಳುಗಳನ್ನು ‘ಪ್ಲಾಸ್ಟಿಕ್ ಅಕ್ಕಿ’ ಎಂದು ಆರಿಸಿ ಎಸೆಯುತ್ತಾರೆ. ಅವು ಸಾರವರ್ಧಿತ ಕಾಳುಗಳು. ಅಕ್ಕಿ ಹಿಟ್ಟಿಗೆ ಕಬ್ಬಿಣದ ಜೊತೆ ಫೋಲಿಕ್ ಆಮ್ಲ, ಬಿ12 ಎಂಬ ಜೀವಸತ್ವಗಳನ್ನು ಸೇರಿಸಿ ಅಕ್ಕಿಯ ಆಕಾರದಲ್ಲೇ ತಯಾರಿಸಿ, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ಎಸೆಯಬೇಡಿ, ಅತಿಯಾಗಿ ತಿಕ್ಕಿ ತೊಳೆಯಬೇಡಿ, ಗಂಜಿ ಬಸಿಯದೆ ಅಳತೆಯ ನೀರಿಟ್ಟು ಬೇಯಿಸಿ. ಥಲಸ್ಸೇಮಿಯಾ ಎಂಬ ಆನುವಂಶಿಕ ರಕ್ತದೋಷ ಇರುವವರು ಮಾತ್ರ ಈ ಅಕ್ಕಿಯ ಬಗ್ಗೆ ವೈದ್ಯರನ್ನು ಕೇಳಬೇಕು.

ಹೆಜ್ಜೆ 7: ಸೊಪ್ಪು ಕಾಳಿನಲ್ಲಿ ಇಲ್ಲದ್ದನ್ನು ತುಂಬಿಕೊಳ್ಳಿ

ರಕ್ತಕ್ಕೆ ಕಬ್ಬಿಣವೊಂದೇ ಸಾಲದು. ಫೋಲೇಟ್ (ಫೋಲಿಕ್ ಆಮ್ಲದ ಸಹಜ ರೂಪ) ಕಾಳು, ಸೊಪ್ಪಿನಲ್ಲಿ ಸಿಗುತ್ತದೆ. ಬಿ12 ಮಾತ್ರ ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಷ್ಟೇ ಸಹಜವಾಗಿ ಇರುತ್ತದೆ. ತಿನ್ನುವ ರೂಢಿ ಇರುವ ಮನೆಗಳಲ್ಲಿ ಮೊಟ್ಟೆ, ಹೊಳೆ ಮೀನು, ವಾರಕ್ಕೊಮ್ಮೆ ಮಾಂಸ ಬಹಳ ಉಪಯುಕ್ತ. ಮಾಂಸದ ಕಬ್ಬಿಣ ಸುಲಭವಾಗಿ ದಕ್ಕುತ್ತದೆ, ಜೊತೆಗಿರುವ ರೊಟ್ಟಿಯ ಕಬ್ಬಿಣವನ್ನೂ ದಕ್ಕಿಸುತ್ತದೆ. ನಮ್ಮ ರಾಜ್ಯದಲ್ಲಿ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ಕೊಡುವುದನ್ನು 2021ರ ಡಿಸೆಂಬರ್‌ನಲ್ಲಿ ಮೊದಲು ಶುರು ಮಾಡಿದ್ದು ರಾಯಚೂರು, ಕೊಪ್ಪಳ, ಬಳ್ಳಾರಿ ಸೇರಿದ ಈ ಭಾಗದ ಜಿಲ್ಲೆಗಳಲ್ಲೇ. ಮಕ್ಕಳಿಗೆ ಅದನ್ನು ತಪ್ಪಿಸಬೇಡಿ. ಸಸ್ಯಾಹಾರಿಗಳು ದಿನವೂ ಹಾಲು, ಮೊಸರು ಬಳಸಲಿ. ಕೈಕಾಲು ಜುಮುಗುಡುತ್ತಿದ್ದರೆ ಬಿ12 ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಲಿ.

ಕಬ್ಬಿಣದ ಬಾಣಲೆಯಲ್ಲಿ ಹುಳಿ ಪಲ್ಯ ಮಾಡಿದರೆ ಒಂದಿಷ್ಟು ಕಬ್ಬಿಣ ಅಡುಗೆಗೆ ಇಳಿಯುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ, ಇಲ್ಲದಿದ್ದರೆ ಕಪ್ಪಾಗಿ ರುಚಿ ಕೆಡುತ್ತದೆ.

ಹೆಜ್ಜೆ 8: ಹೊಟ್ಟೆಹುಳಕ್ಕೆ ಮಾತ್ರೆ, ಕಾಲಿಗೆ ಚಪ್ಪಲಿ

ಕೊಕ್ಕೆಹುಳು ಬರಿಗಾಲಿನ ಚರ್ಮದ ಮೂಲಕ ಒಳಸೇರಿ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಬಯಲಿಗೆ ಹೋಗುವ ಜಾಗಗಳಲ್ಲಿ ಇದರ ಭಯ ಹೆಚ್ಚು. ಫೆಬ್ರುವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಮಕ್ಕಳಿಗೆ ತಪ್ಪದೆ ಕೊಡಿಸಿ.

ಹೆಜ್ಜೆ 9: ಮಾತ್ರೆ ಬರೆದುಕೊಟ್ಟಿದ್ದರೆ ನಿಲ್ಲಿಸಬೇಡಿ

ಊಟ ರಕ್ತಹೀನತೆ ಬಾರದಂತೆ ತಡೆಯುತ್ತದೆ. ಹಿಮೋಗ್ಲೋಬಿನ್ ಆಗಲೇ ಇಳಿದಿದ್ದರೆ ಊಟದಿಂದಷ್ಟೇ ಮೇಲೇರಿಸಲು ಆಗುವುದಿಲ್ಲ, ಮಾತ್ರೆ ಬೇಕು. ಗರ್ಭಿಣಿಯರಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣಾಂಶದ ಮಾತ್ರೆಯನ್ನು ಸರ್ಕಾರ ಉಚಿತವಾಗಿ ಕೊಡುತ್ತದೆ. ನುಂಗಿದರೆ ಮಗು ಕಪ್ಪಾಗುತ್ತದೆ ಎಂಬ ಮಾತು ಶುದ್ಧ ಸುಳ್ಳು. ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ನುಂಗಿ ಮಲಗಿ. ಹಾಲು ಅಥವಾ ಚಹಾದ ಜೊತೆ ಬೇಡ, ನಿಂಬೆ ಪಾನಕದ ಜೊತೆ ಆಗಬಹುದು. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ.

ಒಂದು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ. ತಪ್ಪದೆ ಮಾತ್ರೆ ನುಂಗಿದ್ದರೂ ಹಿಮೋಗ್ಲೋಬಿನ್ ಒಂದು ಗ್ರಾಂನಷ್ಟು ಏರಿಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಾಣಿ. ಅತಿಯಾದ ಮುಟ್ಟಿನ ಸ್ರಾವ, ಮೂಲವ್ಯಾಧಿ, ಬಿ12 ಕೊರತೆ ಅಥವಾ ಆನುವಂಶಿಕ ರಕ್ತದೋಷ ಕಾರಣವಿರಬಹುದು. ಏರಿದ್ದರೂ ಮಾತ್ರೆ ಕೂಡಲೇ ನಿಲ್ಲಿಸದೆ ವೈದ್ಯರು ಹೇಳುವಷ್ಟು ತಿಂಗಳು ಮುಂದುವರಿಸಿ. ದೇಹದಲ್ಲಿ ಬರಿದಾದ ಕಬ್ಬಿಣದ ದಾಸ್ತಾನು ತುಂಬಲು ಇನ್ನೂ ಎರಡು ಮೂರು ತಿಂಗಳು ಬೇಕಾಗುತ್ತದೆ.