ಡಯಾಲಿಸಿಸ್: ಆ ನಾಲ್ಕು ಗಂಟೆ ಏನು ನಡೆಯುತ್ತದೆ?

ಡಯಾಲಿಸಿಸ್ ಅಂದರೆ ರಕ್ತ ಬದಲಾಯಿಸುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಲ್ಲ. ರಕ್ತ ರೋಗಿಯದ್ದೇ. ಕಿಡ್ನಿ ಮಾಡಬೇಕಿದ್ದ ಕೆಲಸವನ್ನು ಯಂತ್ರ ಮಾಡಿ, ಸೋಸಿದ ರಕ್ತವನ್ನು ವಾಪಸ್ ಕಳಿಸುತ್ತದೆ. ಸಾಮಾನ್ಯವಾಗಿ ವಾರಕ್ಕೆ 3 ಸಲ, ಪ್ರತಿ ಸಲ ಸುಮಾರು 4 ಗಂಟೆ. ರಾಜ್ಯದ ಜಿಲ್ಲಾ ಆಸ್ಪತ್ರೆಗಳಲ್ಲಿ, ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಬಿಪಿಎಲ್ ಕುಟುಂಬಗಳಿಗೆ ಇದು ಉಚಿತ.

ತಯಾರಿ ಮಾತ್ರ ಬಹಳ ಮೊದಲೇ, ಕೈಯಿಂದ ಶುರುವಾಗಬೇಕು. ಸಣ್ಣ ಆಪರೇಷನ್ ಮಾಡಿ ಅಪಧಮನಿಯೊಂದನ್ನು ಪಕ್ಕದ ಅಭಿಧಮನಿಗೆ ಜೋಡಿಸುತ್ತಾರೆ. ಇದೇ ಫಿಸ್ಟುಲಾ. ರಕ್ತ ರಭಸದಿಂದ ನುಗ್ಗಿ ಆ ಅಭಿಧಮನಿ ದಪ್ಪವಾಗಿ, ಸೂಜಿ ತಡೆಯುವಂತಾಗಲು ಒಂದೂವರೆ-ಎರಡು ತಿಂಗಳಾದರೂ ಬೇಕು. ಅದರ ಮೇಲೆ ಬೆರಳಿಟ್ಟರೆ ಜುಂ ಅಂತ ಕಂಪನ ಗೊತ್ತಾಗುತ್ತದೆ. ದಿನವೂ ಮುಟ್ಟಿ ನೋಡಿ. ಕಂಪನ ನಿಂತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ಆ ಕೈಯಲ್ಲಿ ಬಿ.ಪಿ. ನೋಡುವುದು, ರಕ್ತ ತೆಗೆಯುವುದು, ಬಿಗಿ ಬಳೆ, ಭಾರದ ಚೀಲ ಯಾವುದೂ ಬೇಡ.

ಡಯಾಲಿಸಿಸ್ ದಿನ ಮೊದಲು ತೂಕ. ಮೈಯಲ್ಲಿ ಹೆಚ್ಚುವರಿ ನೀರು ಇಲ್ಲದಾಗಿನ ತೂಕಕ್ಕೆ ಡ್ರೈ ವೇಟ್ ಅನ್ನುತ್ತಾರೆ. ಅದು 52 ಕೆ.ಜಿ. ಇದ್ದು, ಇವತ್ತು ಐವತ್ತನಾಲ್ಕೂವರೆ ಬಂದರೆ ಹೆಚ್ಚುಕಡಿಮೆ ಎರಡೂವರೆ ಲೀಟರ್ ನೀರು ಸೇರಿದೆ ಅಂತ ಲೆಕ್ಕ. ಡ್ರೈ ವೇಟ್ ಎಷ್ಟು ಅನ್ನುವುದು ರೋಗಿಗೂ ಮನೆಯವರಿಗೂ ಬಾಯಿಪಾಠ ಇರಬೇಕು.

ಆಮೇಲೆ ಎರಡು ಸೂಜಿ. ಒಂದರಿಂದ ರಕ್ತ ಹೊರಗೆ, ಇನ್ನೊಂದರಿಂದ ಒಳಗೆ. ಹೆಪ್ಪುಗಟ್ಟದಿರಲು ಸಾಮಾನ್ಯವಾಗಿ ಹೆಪಾರಿನ್ ಕೊಡುತ್ತಾರೆ. ಪಂಪ್ ನಿಮಿಷಕ್ಕೆ 200-300 ಮಿ.ಲೀ. ರಕ್ತ ಓಡಿಸುತ್ತದೆ. ಹಾಗಂತ ಗಾಬರಿ ಬೇಡ, ಒಂದು ಹೊತ್ತಿಗೆ ಮೈಯಿಂದ ಹೊರಗಿರುವುದು ಒಂದು ಲೋಟದಷ್ಟು ರಕ್ತ ಮಾತ್ರ.

ಅಸಲಿ ಸೋಸುವಿಕೆ ನಡೆಯುವುದು ಪಕ್ಕದಲ್ಲಿ ನಿಲ್ಲಿಸಿದ ಡಯಾಲೈಜರ್ ಕೊಳವೆಯಲ್ಲಿ. ಒಳಗೆ ಕೂದಲೆಳೆಯಂಥ ಸಾವಿರಾರು ಟೊಳ್ಳು ಎಳೆಗಳು. ಎಳೆಯೊಳಗೆ ರಕ್ತ ಹರಿದರೆ, ಹೊರಗೆ ಎದುರು ದಿಕ್ಕಿನಲ್ಲಿ ಡಯಾಲಿಸಿಸ್ ದ್ರವ. ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ಸಣ್ಣ ರಂಧ್ರಗಳಿಂದ ಆಚೆ ಹೋಗುತ್ತವೆ. ರಕ್ತಕಣಗಳು ದೊಡ್ಡವು, ಒಳಗೇ ಉಳಿಯುತ್ತವೆ. ಈ ದ್ರವ ನಿಮಿಷಕ್ಕೆ ಸುಮಾರು 500 ಮಿ.ಲೀ. ಹರಿಯುತ್ತದೆ, ಅಂದರೆ 4 ಗಂಟೆಗೆ 120 ಲೀಟರ್! ಅದಕ್ಕೇ ಡಯಾಲಿಸಿಸ್ ಘಟಕಕ್ಕೆ ನೀರು ಶುದ್ಧ ಮಾಡುವ ಒಳ್ಳೆಯ ಆರ್‌ಒ ಘಟಕ ಇರಲೇಬೇಕು.

ನಡುವೆ ತಲೆಸುತ್ತು ಬಂದರೆ, ಮೀನಖಂಡ ಹಿಡಿದುಕೊಂಡರೆ ಸುಮ್ನೆ ಸಹಿಸಬೇಡಿ. ನೀರು ವೇಗವಾಗಿ ತೆಗೆದಾಗ ಬಿ.ಪಿ. ಇಳಿಯುತ್ತದೆ. ತಕ್ಷಣ ಟೆಕ್ನಿಶಿಯನ್‌ಗೆ ಹೇಳಿ. ಮುಗಿದ ಮೇಲೆ ಸೂಜಿ ತೆಗೆದ ಜಾಗ ಒತ್ತಿ ಹಿಡಿದು, ಮತ್ತೆ ತೂಕ ನೋಡಿ ಕಳಿಸುತ್ತಾರೆ.

ಇನ್ನು ಮನೆ. ನೀರು ಕುಡಿಯಬೇಡಿ ಅಂತ ಬೈಯುವುದಕ್ಕಿಂತ ಉಪ್ಪಿನಕಾಯಿ, ಹಪ್ಪಳ ದೂರ ಇಡುವುದು ಮೇಲು. ಉಪ್ಪು ತಿಂದರೆ ಬಾಯಾರಿಕೆ ಆಗೇ ಆಗುತ್ತೆ, ಅಲ್ವಾ? ಕಾಫಿ, ಸಾರು, ಮಜ್ಜಿಗೆಯೂ ನೀರಿನ ಲೆಕ್ಕಕ್ಕೇ ಸೇರುತ್ತವೆ. ಎಳನೀರು ತಂಪು ಅಂತ ಕೊಡಬೇಡಿ, ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ಹದ ತಪ್ಪಬಹುದು. ಅಂಗಡಿಯ ಕಡಿಮೆ ಸೋಡಿಯಂ ಉಪ್ಪಿನಲ್ಲೂ ಪೊಟ್ಯಾಸಿಯಂ ಇರುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಡಯಾಲಿಸಿಸ್ ಇರುವವರಿಗೆ ಶನಿವಾರ, ಭಾನುವಾರದ ಬಿಡುವೇ ಉದ್ದ. ಮದುವೆ ಊಟ ಬರುವುದೂ ಅವತ್ತೇ.